ಆಯ, ವ್ಯಯ, ನೀವಿ: ಲಗ್ಗೆರೆಯ ಗೃಹವೆಚ್ಚದ ಒಂದು ದಶಕ

1. ಉಪೋದ್ಘಾತ

ಆಯವ್ಯಯಗಳ ವಿಚಾರವು ನಮ್ಮ ದೇಶದ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತು, ಪಂಡಿತ ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಣಕ್ಕೆ ಬಂದ ಕೌಟಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಸಮಾಹರ್ತೃವೆಂಬ ಅಧಿಕಾರಿಯು ಆಯ, ವ್ಯಯ, ನೀವಿ ಎಂಬ ಮೂರನ್ನು ಒಟ್ಟಿಗೆ ನೋಡಿಕೊಳ್ಳತಕ್ಕದ್ದೆಂದು ವಿಧಿಸಿದೆ. ಬಂದುದು ಆಯ, ಹೋದುದು ವ್ಯಯ, ಲೆಕ್ಕವನ್ನು ತೀರಿಸಿದ ಮೇಲೆ ಕೈಯಲ್ಲಿ ನಿಂತುದು ನೀವಿ. ವಾತ್ಸ್ಯಾಯನನೂ ಕಾಮಸೂತ್ರದ ಭಾರ್ಯಾಧಿಕಾರಿಕದಲ್ಲಿ, ಗೃಹಿಣಿಯು ಸಂವತ್ಸರದ ಆಯವನ್ನು ಎಣಿಸಿಕೊಂಡು ಅದಕ್ಕೆ ಅನುರೂಪವಾಗಿ ವ್ಯಯಮಾಡಬೇಕೆಂದೂ, ದಿನದಿನದ ಆಯವ್ಯಯಗಳನ್ನು ಒಟ್ಟುಗೂಡಿಸಿ ತಿಳಿದಿರಬೇಕೆಂದೂ ಹೇಳಿರುವನು. ಅರಮನೆಯ ಲೆಕ್ಕಕ್ಕೂ ಅಡುಗೆಮನೆಯ ಲೆಕ್ಕಕ್ಕೂ ನ್ಯಾಯವು ಒಂದೇ ಎಂಬುದು ಇದರಿಂದ ವಿದಿತವಾಗುತ್ತದೆ. ಕನ್ನಡನಾಡಿನ ವರ್ತಕರು ಹುಣಿಸೆಬೀಜದ ಸರಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದಿಡುತ್ತಿದ್ದುದೂ ಈ ಬಗೆಯ ಲೆಕ್ಕವನ್ನೇ.

ವರ್ತಮಾನ ಕಾಲದಲ್ಲಿ ಗೃಹವೆಚ್ಚದ ಲೆಕ್ಕವನ್ನು ಸರ್ಕಾರವೇ ದೇಶವ್ಯಾಪಿಯಾಗಿ ಬರೆಯಿಸುತ್ತದೆ. ಆದರೆ ಆ ಲೆಕ್ಕವು ಮುಖ್ಯವಾಗಿ ವ್ಯಯದ ಲೆಕ್ಕ. ಅದರಲ್ಲಿ ನೀವಿಗೆ ಸ್ಥಾನವಿಲ್ಲ. ಈ ಒಂದು ಲೋಪದಿಂದ ಕಾರ್ಮಿಕ ಕುಟುಂಬಗಳ ದಶಕದ ಚರಿತ್ರೆಯು ಎಷ್ಟರಮಟ್ಟಿಗೆ ಮರೆಯಾಗುವುದೆಂಬುದನ್ನು, ಬೆಂಗಳೂರಿನ ವಾಯವ್ಯ ಭಾಗದ ಲಗ್ಗೆರೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಸ್ಥಳವಿಚಾರ

ಲಗ್ಗೆರೆಯು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಊರು. ಒಂದು ಕಡೆ ನಂದಿನಿ ಬಡಾವಣೆ, ಇನ್ನೊಂದು ಕಡೆ ರಾಜಗೋಪಾಲನಗರ, ಹೆಗ್ಗನಹಳ್ಳಿಗಳು ಇದರ ನೆರೆಯಲ್ಲಿವೆ. ಹೊರವರ್ತುಲ ರಸ್ತೆಯು ಇದರ ಮೂಲಕ ಹಾದುಹೋಗಿದೆ. ಕೆರೆ ಎಂಬ ಶಬ್ದವು ಸಮಾಸದ ಉತ್ತರಪದವಾದಾಗ ಗೆರೆ ಎಂದಾಗುವುದು ಕನ್ನಡದ ಆದೇಶಸಂಧಿಯ ನಿಯಮವಾದುದರಿಂದ, ಈ ಊರಿನ ಹೆಸರು ಒಂದು ಕೆರೆಯ ನೆನಪನ್ನು ತನ್ನೊಳಗೆ ಇಟ್ಟುಕೊಂಡಿರುವಂತೆ ತೋರುತ್ತದೆ. ಕೆರೆಯ ಕೆಳಗಿನ ಬೇಸಾಯಗಾರನ ಮನೆಯಲ್ಲಿ ಲೆಕ್ಕವು ವರ್ಷಕ್ಕೊಮ್ಮೆ ನಡೆಯುವುದು. ಸುಗ್ಗಿಯಲ್ಲಿ ರಾಗಿಯನ್ನು ಹಗೇವಿಗೆ ತುಂಬಿದರೆ ಮುಂದಿನ ಸುಗ್ಗಿಯವರೆಗೆ ಹೊಟ್ಟೆಯ ಚಿಂತೆಯು ಬಹುಮಟ್ಟಿಗೆ ಕಳೆಯಿತು. ಅಲ್ಲಿ ನೀವಿಯೆಂಬುದು ಧಾನ್ಯರೂಪವಾಗಿ ಕಣ್ಣಿಗೆ ಕಾಣುತ್ತಿತ್ತು.

ಪೀಣ್ಯದ ಯಂತ್ರಶಾಲೆಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಬೆಳೆದಂತೆ ಲಗ್ಗೆರೆಯಂತಹ ಊರುಗಳು ಸಂಬಳಗಾರರ ವಾಸಸ್ಥಾನಗಳಾದುವು. ತುಮಕೂರು, ಮಂಡ್ಯ, ಹಾಸನ ಮೊದಲಾದ ಜಿಲ್ಲೆಗಳಿಂದಲೂ, ಉತ್ತರ ಕರ್ನಾಟಕದಿಂದಲೂ, ಹೊರರಾಜ್ಯಗಳಿಂದಲೂ ಜನರು ಬಂದು ಸೇರಿದರು. ವಠಾರಗಳೂ, ಮಹಡಿಯ ಮೇಲೆ ಮಹಡಿ ಎತ್ತಿ ಬಾಡಿಗೆಗೆ ಕೊಟ್ಟ ಸಣ್ಣ ಮನೆಗಳೂ ಹೆಚ್ಚಿದುವು. ಇಲ್ಲಿ ಲೆಕ್ಕದ ಅವಧಿಯು ಸಂವತ್ಸರದಿಂದ ಮಾಸಕ್ಕೆ ಇಳಿಯಿತು. ತಿಂಗಳ ಮೊದಲ ವಾರದಲ್ಲಿ ಬಂದ ಸಂಬಳವು ಬಾಡಿಗೆ, ದಿನಸಿ, ಚೀಟಿ, ಶಾಲೆ, ಊರಿಗೆ ಕಳುಹಿಸುವ ಹಣ ಎಂದು ಹಂಚಿಹೋಗುವುದು. ತಿಂಗಳ ಕೊನೆಯ ವಾರವು ಅಂಗಡಿಯ ಸಾಲದಲ್ಲಿ ನಡೆಯುವುದು. ವಾತ್ಸ್ಯಾಯನನು ಹೇಳಿದ ಸಂವತ್ಸರದ ಎಣಿಕೆಗೆ ಇಂತಹ ಮನೆಯಲ್ಲಿ ಅವಕಾಶವು ಕಡಮೆ.

3. ಪ್ರಮಾಣವಿಚಾರ

ಗೃಹವೆಚ್ಚವನ್ನು ಅರಿಯಲು ಮುಖ್ಯ ಆಧಾರವು ರಾಷ್ಟ್ರೀಯ ಮಾದರಿ ಸಮೀಕ್ಷೆಯದು. 1950ರಲ್ಲಿ ಆರಂಭವಾದ ಈ ಸಮೀಕ್ಷೆಯು ಮನೆಮನೆಗೆ ಹೋಗಿ, ಇಂತಿಷ್ಟು ದಿನಗಳಲ್ಲಿ ಏನನ್ನು ಬಳಸಿದಿರಿ, ಎಷ್ಟು ವೆಚ್ಚವಾಯಿತು ಎಂದು ಕೇಳಿ ಬರೆದುಕೊಳ್ಳುವುದು. ಪ್ರಸ್ತುತ ವಿಚಾರಕ್ಕೆ ಸಂಬಂಧಿಸಿದವು 2011–12, 2022–23, 2023–24ರ ಮೂರು ಸಮೀಕ್ಷೆಗಳು. 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದ ಸಮೀಕ್ಷೆಯಲ್ಲಿ ದೇಶದ 2,61,746 ಕುಟುಂಬಗಳನ್ನು ವಿಚಾರಿಸಲಾಯಿತು.

ಈ ಪ್ರಮಾಣಗಳನ್ನು ಪ್ರಾಚೀನ ಗ್ರಂಥದ ಹಸ್ತಪ್ರತಿಗಳಂತೆ ಪರಿಶೀಲಿಸಿ ಬಳಸಬೇಕಾಗಿದೆ. ಮೊದಲನೆಯದಾಗಿ, ನಡುವಣ ಒಂದು ಗರಿಯು ಲುಪ್ತವಾಗಿದೆ. 2017–18ರಲ್ಲಿಯೂ ಇಂತಹ ಸಮೀಕ್ಷೆಯು ನಡೆದಿತ್ತು. ಆದರೆ ಅದರ ಅಂಕಿಗಳ ಗುಣವು ತೃಪ್ತಿಕರವಾಗಿಲ್ಲವೆಂಬ ಕಾರಣವನ್ನು ಕೊಟ್ಟು ಕೇಂದ್ರ ಸರ್ಕಾರವು 2019ರ ನವೆಂಬರ್‌ನಲ್ಲಿ ಅದನ್ನು ಪ್ರಕಟಿಸುವುದಿಲ್ಲವೆಂದು ಸಾರಿತು. 2016ರ ನವೆಂಬರ್‌ನ ನೋಟುರದ್ದತಿ, 2017ರ ಜುಲೈಯ ಸರಕು ಮತ್ತು ಸೇವಾ ತೆರಿಗೆ ಇವುಗಳ ಪರಿಣಾಮವನ್ನು ಹತ್ತಿರದಿಂದ ತೋರಿಸಬಹುದಾಗಿದ್ದ ಸಾಕ್ಷ್ಯವು ಹೀಗೆ ಇತಿಹಾಸಕಾರನ ಕೈತಪ್ಪಿತು. 2020ರ ಮಾರ್ಚ್‌ನಲ್ಲಿ ವಿಧಿಸಿದ ಲಾಕ್‌ಡೌನ್ ಕೂಡ ಎರಡು ಪ್ರಕಟಿತ ಸಮೀಕ್ಷೆಗಳ ನಡುವಣ ಈ ಅಂಧಕಾರದಲ್ಲಿಯೇ ಬಿದ್ದಿರುವುದು. ಎರಡನೆಯದಾಗಿ, ಪಾಠವು ಒಂದೇ ತೆರನಾಗಿಲ್ಲ. 2011–12ರಲ್ಲಿ 347 ಬಾಬುಗಳನ್ನು ಒಂದೇ ಭೇಟಿಯಲ್ಲಿ ಕೇಳಲಾಗಿತ್ತು; 2022–23ರಲ್ಲಿ 405 ಬಾಬುಗಳನ್ನು ಮೂರು ಭೇಟಿಗಳಲ್ಲಿ ಹಂಚಿ ಕೇಳಲಾಯಿತು. ಹೆಚ್ಚು ಕೇಳಿದರೆ ಹೆಚ್ಚು ನೆನಪಾಗುವುದು ಮನುಷ್ಯಸ್ವಭಾವ. ಆದುದರಿಂದ ಎರಡು ಅಂಕಿಗಳ ಅಂತರವೆಲ್ಲವೂ ಜೀವನದ ಬದಲಾವಣೆಯೇ ಎಂದು ಗ್ರಹಿಸುವುದು ಸಾಧುವಲ್ಲ. ಇಷ್ಟು ಎಚ್ಚರದಿಂದ ಮುಂದುವರಿಯಬಹುದು.

4. ಅಂಕಿಗಳು ಹೇಳುವುದೇನು

ದೇಶದ ನಗರಪ್ರದೇಶಗಳಲ್ಲಿ ತಲಾ ಮಾಸಿಕ ವೆಚ್ಚದ ಸರಾಸರಿಯು 2011–12ರಲ್ಲಿ 2,630 ರೂಪಾಯಿಗಳಾಗಿದ್ದುದು 2022–23ರಲ್ಲಿ 6,459 ರೂಪಾಯಿಗಳಾಯಿತು. ಗ್ರಾಮಪ್ರದೇಶಗಳಲ್ಲಿ 1,430 ರೂಪಾಯಿಗಳಿದ್ದುದು 3,773ಕ್ಕೆ ಏರಿತು. ಮೇಲುನೋಟಕ್ಕೆ ನಗರದ ವೆಚ್ಚವು ಎರಡೂವರೆ ಪಾಲಿನ ಹತ್ತಿರ ಬಂದಿತು. ಆದರೆ ನಾಣ್ಯದ ಬೆಲೆಯು ಈ ನಡುವೆ ಇಳಿದಿದೆ. 2011–12ರ ಬೆಲೆಗಳಲ್ಲಿಯೇ ಎಣಿಸಿದರೆ 6,459 ರೂಪಾಯಿಗಳು 3,510 ರೂಪಾಯಿಗಳಿಗೆ ಮಾತ್ರ ಸಮಾನ. ಎಂದರೆ ಅಂದಿನ ಒಂದು ರೂಪಾಯಿಯ ಕೆಲಸಕ್ಕೆ ಇಂದು ಸುಮಾರು ಒಂದು ರೂಪಾಯಿ ಎಂಬತ್ತನಾಲ್ಕು ಪೈಸೆ ಬೇಕಾಯಿತು. ನಿಜವಾದ ವೃದ್ಧಿಯು ಹನ್ನೊಂದು ವರ್ಷಗಳಲ್ಲಿ ಮೂರನೆಯ ಒಂದು ಪಾಲಿನಷ್ಟು. ಕರ್ನಾಟಕದ ನಗರಗಳ ಸರಾಸರಿಯು ದೇಶದ ಸರಾಸರಿಗಿಂತ ಮೇಲಿದ್ದು, 2022–23ರಲ್ಲಿ 7,666 ರೂಪಾಯಿಗಳೂ 2023–24ರಲ್ಲಿ 8,076 ರೂಪಾಯಿಗಳೂ ಆಗಿತ್ತು. ನಾಲ್ವರ ಕುಟುಂಬವೆಂದು ಭಾವಿಸಿದರೆ ಇದು ತಿಂಗಳಿಗೆ 32,304 ರೂಪಾಯಿಗಳಾಗುವುದು.

ಒಟ್ಟು ಮೊತ್ತಕ್ಕಿಂತಲೂ ಅದರ ವಿಭಾಗವು ಹೆಚ್ಚು ಬೋಧಪ್ರದವಾಗಿದೆ. ನಗರದ ವೆಚ್ಚದಲ್ಲಿ ಆಹಾರದ ಪಾಲು ಶೇಕಡಾ 42.62ರಿಂದ 39.17ಕ್ಕೆ ಇಳಿಯಿತು. ದವಸಧಾನ್ಯಗಳ ಪಾಲು ಸುಮಾರು 6.6ರಿಂದ 3.6ಕ್ಕೆ ಇಳಿಯಿತು. ಪಾನೀಯ, ತಿಂಡಿತಿನಿಸು, ಸಿದ್ಧ ಆಹಾರಗಳ ಪಾಲು ಸುಮಾರು 9ರಿಂದ 10.6ಕ್ಕೂ, ಪ್ರಯಾಣದ ಪಾಲು ಸುಮಾರು 6.5ರಿಂದ 8.6ಕ್ಕೂ ಏರಿದುವು. ದೇಶದ ಸರಾಸರಿಯನ್ನೇ ನಾಲ್ವರ ಕುಟುಂಬಕ್ಕೆ ಅನ್ವಯಿಸಿದರೆ, 2011–12ರಲ್ಲಿ ಧಾನ್ಯಕ್ಕೆ ಸುಮಾರು 695 ರೂಪಾಯಿ, ತಿಂಡಿ ಪಾನೀಯಗಳಿಗೆ 945 ರೂಪಾಯಿ ವೆಚ್ಚವಾಗುತ್ತಿತ್ತು. 2022–23ರಲ್ಲಿ ಧಾನ್ಯಕ್ಕೆ 940, ತಿಂಡಿ ಪಾನೀಯಗಳಿಗೆ 2,750 ರೂಪಾಯಿಗಳಾದುವು. ಸಿದ್ಧ ಆಹಾರದ ವೆಚ್ಚವು ಒಲೆಯ ಮೇಲೆ ಬೇಯುವ ಧಾನ್ಯದ ವೆಚ್ಚದ ಮೂರು ಪಾಲಿನಷ್ಟಾಗಿರುವುದು ಗಮನಾರ್ಹ.

ಜರ್ಮನಿಯ ಅರ್ನೆಸ್ಟ್ ಎಂಗೆಲ್ ಎಂಬ ಅಂಕಿಅಂಶಶಾಸ್ತ್ರಜ್ಞನು 1857ರಲ್ಲಿ ಒಂದು ನಿಯಮವನ್ನು ಹೇಳಿದನು: ಕುಟುಂಬವು ಬಡತನದಲ್ಲಿದ್ದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚು, ಸ್ಥಿತಿಯು ಉತ್ತಮವಾದಂತೆ ಆ ಪಾಲು ಕಡಮೆ. ಈ ನಿಯಮವನ್ನು ಅನುಸರಿಸಿ, ಆಹಾರದ ಪಾಲು ಇಳಿದುದರಿಂದ ಜನರ ಸ್ಥಿತಿಯು ಸುಧಾರಿಸಿತೆಂದು ಅನೇಕರು ಅಭಿಪ್ರಾಯಪಡುವರು. ಈ ಅಭಿಪ್ರಾಯದಲ್ಲಿ ಸತ್ಯಾಂಶವುಂಟು. 2013ರ ಜುಲೈಯಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆಯು ಆರಂಭವಾದಂದಿನಿಂದ ನ್ಯಾಯಬೆಲೆ ಅಂಗಡಿಯ ಅಕ್ಕಿಯು ಬಡವರ ಮನೆಯ ಧಾನ್ಯವೆಚ್ಚವನ್ನು ತಗ್ಗಿಸಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧೂಮವಿದ್ದಲ್ಲಿ ಅಗ್ನಿಯುಂಟೆಂಬುದು ಸರಿಯಾದರೂ, ಧೂಮದಂತೆ ಕಾಣುವುದೆಲ್ಲವೂ ಧೂಮವಲ್ಲ. ಬೆಟ್ಟದ ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದರೆ ಅದು ಹೇತ್ವಾಭಾಸವಾಗುವುದು. ಆಹಾರದ ಪಾಲು ಎರಡು ಕಾರಣಗಳಿಂದ ಇಳಿಯಬಹುದು. ಹೊಟ್ಟೆ ತುಂಬಿ ಹಣವು ಮಿಕ್ಕುದರಿಂದ ಇಳಿಯಬಹುದು. ಮುಂದೂಡಲಾಗದ ಬೇರೆ ಬಾಬುಗಳು ಮೊದಲೇ ಕೈಚಾಚಿ ತೆಗೆದುಕೊಂಡುದರಿಂದಲೂ ಇಳಿಯಬಹುದು. ಪಾಲನ್ನು ಮಾತ್ರ ನೋಡುವವನಿಗೆ ಈ ಎರಡು ಮನೆಗಳೂ ಒಂದೇ ಆಗಿ ಕಾಣುವುವು.

5. ಬಾಡಿಗೆಯ ಪ್ರಶ್ನೆ

ಮುಂದೂಡಲಾಗದ ಬಾಬುಗಳಲ್ಲಿ ಬಾಡಿಗೆಯೇ ಮೊದಲನೆಯದು. 2022–23ರ ಸಮೀಕ್ಷೆಯಂತೆ ನಗರದ ವೆಚ್ಚದಲ್ಲಿ ಬಾಡಿಗೆಯ ಪಾಲು ಶೇಕಡಾ 6.56. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ ಸುಮಾರು 1,700 ರೂಪಾಯಿಗಳಾಗುವುದು. ಈ ಮೊತ್ತಕ್ಕೆ ಲಗ್ಗೆರೆಯಲ್ಲಿ ಒಂದು ಕೋಣೆಯೂ ದೊರೆಯಲಾರದು. ಹಾಗಾದರೆ ಅಂಕಿಯು ಸುಳ್ಳೇ ಎಂದರೆ, ಸುಳ್ಳಲ್ಲ, ಅದು ಸರಾಸರಿ. ಸ್ವಂತ ಮನೆಯುಳ್ಳವರು ಬಾಡಿಗೆ ಕೊಡುವುದಿಲ್ಲ. ಅವರ ಸೊನ್ನೆಯೂ ಬಾಡಿಗೆದಾರನ ಸಾವಿರಗಳೂ ಕೂಡಿ ಭಾಗಿಸಲ್ಪಟ್ಟು ಬಂದ ಸಂಖ್ಯೆಯಿದು. ಬಾಡಿಗೆದಾರನ ಪಾಲಿಗೂ ಮನೆಯ ಯಜಮಾನನ ಪಾಲಿಗೂ ಸೇರದ ಈ ಸಂಖ್ಯೆಯು ಇಬ್ಬರಲ್ಲಿ ಯಾರ ಮನೆಯನ್ನೂ ವರ್ಣಿಸುವುದಿಲ್ಲ.

ಕಾರ್ಮಿಕರ ಮನೆಗೆ ಇನ್ನಷ್ಟು ಸಮೀಪವಾದ ಸಾಕ್ಷಿಯು ಕಾರ್ಮಿಕ ಬ್ಯೂರೋದ ಬೆಲೆಸೂಚ್ಯಂಕ. ಕೈಗಾರಿಕಾ ಕಾರ್ಮಿಕರ ಕುಟುಂಬಗಳನ್ನು ವಿಚಾರಿಸಿ ಯಾವ ಬಾಬಿಗೆ ಎಷ್ಟು ತೂಕವೆಂದು ಗೊತ್ತುಮಾಡುವ ಈ ಸೂಚ್ಯಂಕದ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ದೇಶದ ಒಟ್ಟು ಲೆಕ್ಕದಲ್ಲಿ ಆಹಾರದ ತೂಕವು 1982ರ ಸರಣಿಯಲ್ಲಿ ಸುಮಾರು 57, 2001ರ ಸರಣಿಯಲ್ಲಿ ಸುಮಾರು 46, 2016ರ ಸರಣಿಯಲ್ಲಿ ಸುಮಾರು 39 ಆಯಿತು. ವಸತಿಯ ತೂಕವು 2001ರಲ್ಲಿ ಸುಮಾರು 15 ಇದ್ದುದು 2016ರಲ್ಲಿ ಸುಮಾರು 17ಕ್ಕೆ ಏರಿತು. ಕಾರ್ಮಿಕನ ತಟ್ಟೆಯ ಪಾಲು ಇಳಿದಾಗ ಸೂರಿನ ಪಾಲು ಏರಿದುದು ಇಲ್ಲಿ ಸ್ಪಷ್ಟವಾಗಿದೆ. ಬೆಂಗಳೂರಿನ ಪದ್ಧತಿಯಂತೆ ಮನೆಗೆ ಸೇರುವಾಗಲೇ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಇಡಬೇಕು. ಕೆಲವರು ಭೋಗ್ಯಕ್ಕೆ ಹಿಡಿಯುವರು. ಈ ಹಣಕ್ಕಾಗಿ ಮಾಡಿದ ಸಾಲದ ಕಂತು ಪ್ರತಿ ತಿಂಗಳೂ ಹೋಗುತ್ತಿರುವುದಾದರೂ, ಅದು ಬಳಕೆಯ ವೆಚ್ಚವಲ್ಲವಾದುದರಿಂದ ಸಮೀಕ್ಷೆಯ ಮೊತ್ತದಲ್ಲಿ ಸೇರುವುದಿಲ್ಲ.

6. ಪ್ರಯಾಣ, ಹಾಲು, ನೀರು

ಪ್ರಯಾಣದ ಪಾಲು ಏರಿದುದಕ್ಕೆ ಈ ಭಾಗದಲ್ಲಿ ಕಾರಣಗಳು ಕಾಣಸಿಗುತ್ತವೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ ಮೆಟ್ರೋ ರೈಲು ಆರಂಭವಾಯಿತು; 2015ರ ಮೇ 1ರಂದು ನಾಗಸಂದ್ರದವರೆಗೆ ಮುಂದುವರಿಯಿತು. ದೂರವು ಸಮೀಪವಾಯಿತಾದರೂ ಸಾಮೀಪ್ಯಕ್ಕೆ ಬೆಲೆಯುಂಟು. 2025ರ ಫೆಬ್ರವರಿಯಲ್ಲಿ ಮೆಟ್ರೋವಿನ ಗರಿಷ್ಠ ದರವು 60ರಿಂದ 90 ರೂಪಾಯಿಗಳಿಗೆ ಏರಿತು. ಇದಕ್ಕೆ ಪ್ರತಿಯಾಗಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸ್ತ್ರೀಯರ ಸರ್ಕಾರಿ ಬಸ್ ಪ್ರಯಾಣವು ಉಚಿತವಾಯಿತು. ಒಂದೇ ಮನೆಯಲ್ಲಿ ಗಂಡಸಿನ ಪ್ರಯಾಣವೆಚ್ಚವು ಏರಿ ಹೆಂಗಸಿನದು ಇಳಿಯುವ ಅಪೂರ್ವ ಸನ್ನಿವೇಶವು ಹೀಗೆ ಒದಗಿತು.

ಹಾಲಿನ ವಿಚಾರವೂ ಹೀಗೆಯೇ. ನಂದಿನಿ ಸಾಧಾರಣ ಹಾಲಿನ ಲೀಟರಿನ ಬೆಲೆಯು 2023ರ ಆಗಸ್ಟ್‌ನಲ್ಲಿ 39ರಿಂದ 42 ರೂಪಾಯಿಗಳಿಗೂ, 2025ರ ಏಪ್ರಿಲ್‌ನಲ್ಲಿ 46 ರೂಪಾಯಿಗಳಿಗೂ ಏರಿತು. ದಿನಕ್ಕೊಂದು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 210 ರೂಪಾಯಿಗಳ ಹೆಚ್ಚಳ. ಹಾಲನ್ನು ಮಾರುವ ರೈತನಿಗೆ ಇದು ಆಯವೆಂಬುದನ್ನು ಮರೆಯಲಾಗದು. ಅನೇಕ ವೇಳೆ ಆ ರೈತನು ಲಗ್ಗೆರೆಯ ಬಾಡಿಗೆದಾರನ ಅಣ್ಣನೋ ತಂದೆಯೋ ಆಗಿರಬಹುದು.

ಕೆರೆಯ ಹೆಸರನ್ನು ಹೊತ್ತಂತಿರುವ ಊರು ನೀರನ್ನು ಕೊಳ್ಳಬೇಕಾಗಿ ಬಂದುದು ಈ ಕಾಲದ ವಿಪರ್ಯಾಸ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರಿನ ಬೆಲೆಯು ಮಿತಿಮೀರಿತು. ಆ ಮಾರ್ಚ್‌ನಲ್ಲಿ ನಗರ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿಗಳೆಂದು ದರವನ್ನು ಗೊತ್ತುಮಾಡಬೇಕಾಯಿತು. ಹಿಂದೆ ಹೆಂಗಸರ ಶ್ರಮವಾಗಿ ಮಾತ್ರ ಇದ್ದು ಯಾವ ಲೆಕ್ಕದಲ್ಲಿಯೂ ಕಾಣದಿದ್ದ ನೀರು ಈಗ ರೂಪಾಯಿಯ ರೂಪದಲ್ಲಿ ವ್ಯಯದ ಪಟ್ಟಿಗೆ ಸೇರಿತು. ವೆಚ್ಚವು ಏರಿದುದೆಲ್ಲವೂ ಸುಖವು ಏರಿದುದರ ಚಿಹ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

2023ರ ಆಗಸ್ಟ್‌ನಲ್ಲಿ ಇನ್ನೂರು ಯೂನಿಟ್‌ಗಳವರೆಗಿನ ಗೃಹಜ್ಯೋತಿಯೂ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯೂ ಜಾರಿಗೆ ಬಂದುವು. 2023–24ರ ಸಮೀಕ್ಷೆಯು ಅದೇ ಆಗಸ್ಟ್‌ನಲ್ಲಿ ಆರಂಭವಾದುದರಿಂದ, ಕರ್ನಾಟಕದ ಮಟ್ಟಿಗೆ ಅದು ಈ ಯೋಜನೆಗಳ ಮೊದಲ ವರ್ಷದ ದಾಖಲೆಯೂ ಆಗಿದೆ. ಆ ಒಂದು ವರ್ಷದಲ್ಲಿ ರಾಜ್ಯದ ಗ್ರಾಮಗಳ ತಲಾ ವೆಚ್ಚವು 4,397ರಿಂದ 4,903ಕ್ಕೆ, ಎಂದರೆ ಶೇಕಡಾ 11.5ರಷ್ಟು ಏರಿತು, ನಗರಗಳಲ್ಲಿ ಏರಿಕೆಯು ಶೇಕಡಾ 5.3 ಮಾತ್ರ. ಒಂದೇ ಮೊತ್ತದ ನೆರವು ಹಳ್ಳಿಯ ಮನೆಯಲ್ಲಿ ತೋರುವಷ್ಟು ದೊಡ್ಡದಾಗಿ ನಗರದ ಬಾಡಿಗೆಮನೆಯಲ್ಲಿ ತೋರದೆಂಬ ಊಹೆಗೆ ಇದು ವಿರೋಧವಲ್ಲ. ಆದರೆ ಒಂದು ವರ್ಷದ ಅಂಕಿಯಿಂದ ಸಿದ್ಧಾಂತವನ್ನು ಕಟ್ಟುವುದು ಆತುರವಾಗುವುದು.

7. ನೀವಿಯ ವಿಚಾರ

ಇದುವರೆಗೆ ಹೇಳಿದುದೆಲ್ಲವೂ ವ್ಯಯ. ಸಮೀಕ್ಷೆಯವನು ಆಯವನ್ನು ಕೇಳಿ ವ್ಯಯವನ್ನು ಕಳೆಯುವವನಲ್ಲ. ಚೀಟಿಗೆ ಕಟ್ಟಿದ ಹಣ, ಸಾಲಕ್ಕೆ ತೆತ್ತ ಕಂತು, ಊರಿನ ತಂದೆತಾಯಿಗಳಿಗೆ ಕಳುಹಿಸಿದ ಹಣ ಇವು ಬಳಕೆಯ ಮೊತ್ತದಲ್ಲಿ ಸೇರುವುದಿಲ್ಲ. ಲಗ್ಗೆರೆಯ ಮಗಳು ಕಳುಹಿಸಿದ ಹಣವು ಅಲ್ಲಿ ಲೆಕ್ಕಕ್ಕೆ ಸಿಗದೆ, ಹಳ್ಳಿಯಲ್ಲಿ ತಾಯಿಯು ಅದನ್ನು ವೆಚ್ಚಮಾಡಿದಾಗ ಗ್ರಾಮದ ವ್ಯಯವಾಗಿ ಕಾಣಿಸಿಕೊಳ್ಳುವುದು. ಗ್ರಾಮನಗರಗಳ ವೆಚ್ಚದ ಅಂತರವು 2011–12ರಲ್ಲಿ ಶೇಕಡಾ 83.9 ಇದ್ದುದು 2023–24ರಲ್ಲಿ 69.7ಕ್ಕೆ ಇಳಿದುದನ್ನು ವಿಚಾರಿಸುವಾಗ, ನಗರದ ಇಂತಹ ಮನೆಗಳ ತ್ಯಾಗವೂ ಅದರಲ್ಲಿ ಸ್ವಲ್ಪ ಅಡಗಿರಬಹುದೆಂಬುದನ್ನು ನೆನೆಯಬೇಕು.

ನೀವಿಯು ಕಾರ್ಮಿಕರಿಗೆ ಎಷ್ಟು ಪ್ರಾಣಪ್ರಿಯವೆಂಬುದು 2016ರ ಏಪ್ರಿಲ್‌ನಲ್ಲಿ ಲೋಕಕ್ಕೆ ತಿಳಿಯಿತು. ಸಂಬಳದಿಂದ ಪ್ರತಿ ತಿಂಗಳೂ ಹಿಡಿಯುವ ಭವಿಷ್ಯನಿಧಿಗೆ ಕಾರ್ಮಿಕಳ ಪಾಲಿನ ಜೊತೆಗೆ ಮಾಲಿಕನ ಪಾಲೂ ಸೇರುವುದು. ಕೆಲಸವನ್ನು ಬಿಟ್ಟು ಎರಡು ತಿಂಗಳು ಕಳೆದರೆ ಈ ಹಣವನ್ನು ಹಿಂದಕ್ಕೆ ಪಡೆಯುವ ಅವಕಾಶವಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆಯು ಮಾಲಿಕನ ಪಾಲನ್ನು 58 ವರ್ಷ ವಯಸ್ಸಾಗುವವರೆಗೆ ಮುಟ್ಟಕೂಡದೆಂದು ವಿಧಿಸಿತು. ವೃದ್ಧಾಪ್ಯಕ್ಕೆ ಹಣ ಉಳಿಯಲೆಂಬುದು ಅಧಿಕಾರಿಗಳ ವಾದ. ಆದರೆ ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸಿಗೆ ಆ ಹಣವು ಮಗುವಿನ ಶಾಲೆಯ ಶುಲ್ಕ, ಮಗಳ ಮದುವೆ, ಆಸ್ಪತ್ರೆಯ ವೆಚ್ಚ, ಬಡ್ಡಿಸಾಲದ ಬಿಡುಗಡೆ. ಐವತ್ತೆಂಟರವರೆಗೆ ಹೊಲಿಗೆಯಂತ್ರದ ಮುಂದೆ ಕುಳಿತಿರುವವರು ಎಷ್ಟು ಮಂದಿ?

ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿಯೂ, ಇತ್ತ ತುಮಕೂರು ರಸ್ತೆಯ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿಯೂ ಸಹಸ್ರಾರು ಕಾರ್ಮಿಕರು ಕಾರ್ಖಾನೆಗಳನ್ನು ಬಿಟ್ಟು ಬೀದಿಗೆ ಬಂದರು. ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಇದಕ್ಕೆ ಪ್ರಸಿದ್ಧ ನಾಯಕರಿರಲಿಲ್ಲ. ಬಾಯಿಂದ ಬಾಯಿಗೆ ಹರಡಿದ ಸುದ್ದಿಯೇ ಕರೆಯಾಯಿತು. ರಸ್ತೆಗಳು ಸ್ತಬ್ಧವಾದುವು, ಲಾಠಿಪ್ರಹಾರವೂ, ವಾಹನಗಳಿಗೆ ಬೆಂಕಿ ಹಚ್ಚಿದ ದುರ್ಘಟನೆಗಳೂ ನಡೆದುವು. 19ರಂದೇ ಕೇಂದ್ರ ಸರ್ಕಾರವು ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಈ ಘಟನೆಯನ್ನು ಗೃಹವೆಚ್ಚದ ಚರಿತ್ರೆಯಲ್ಲಿ ಎಲ್ಲಿ ಇಡಬೇಕು? ಸಮೀಕ್ಷೆಯ 405 ಬಾಬುಗಳಲ್ಲಿ ಇದಕ್ಕೆ ಎಡೆಯಿಲ್ಲ, ಏಕೆಂದರೆ ಅಂದು ಬೀದಿಗೆ ಬಂದವರು ವ್ಯಯಕ್ಕಾಗಿ ಬಂದವರಲ್ಲ. ಅವರು ಹೆಚ್ಚು ಸಂಬಳವನ್ನೂ ಕೇಳಲಿಲ್ಲ, ಅಗ್ಗದ ಅಕ್ಕಿಯನ್ನೂ ಕೇಳಲಿಲ್ಲ. ತಮ್ಮ ಆಯದಲ್ಲಿ ವ್ಯಯವಾಗದೆ ನಿಂತ ಏಕೈಕ ಭಾಗವು ತಮ್ಮ ಕೈಯಲ್ಲಿಯೇ ಇರಲಿ ಎಂದು ಕೇಳಿದರು. ಹಗೇವಿನ ರಾಗಿಗೆ ಬದಲಾಗಿ ಬಂದಿದ್ದ ನೀವಿಯನ್ನು ಅವರು ಕಾಪಾಡಿಕೊಂಡರು.

ಅನಂತರದ ವರ್ಷಗಳಲ್ಲಿ ಈ ನೀವಿಯು ದೇಶದಾದ್ಯಂತ ಕ್ಷೀಣಿಸಿದುದಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕವು ಸಾಕ್ಷಿಯಾಗಿದೆ. ಸಾಲವನ್ನು ಕಳೆದ ಮೇಲೆ ಕುಟುಂಬಗಳ ನಿವ್ವಳ ಹಣಕಾಸಿನ ಉಳಿತಾಯವು 2022–23ರಲ್ಲಿ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇಕಡಾ 5ಕ್ಕೆ ಇಳಿದು, ಬಹುಕಾಲದ ಕೆಳಮಟ್ಟವನ್ನು ಮುಟ್ಟಿತು. ತಲಾ ವೆಚ್ಚವು 6,459 ರೂಪಾಯಿಗಳಿಗೆ ಏರಿತೆಂದು ಸಮೀಕ್ಷೆಯು ತೋರಿಸಿದ ವರ್ಷವೂ ಬಹುತೇಕ ಅದೇ. ವ್ಯಯದ ಪುಟವು ಏರಿಕೆಯನ್ನು ತೋರಿಸುತ್ತಿದ್ದಾಗ ನೀವಿಯ ಪುಟವು ಇಳಿತವನ್ನು ತೋರಿಸುತ್ತಿತ್ತು. ಮೊದಲನೆಯ ಪುಟವನ್ನು ಮಾತ್ರ ಓದಿದವನು ಸಂತೋಷಪಡುವನು. ಎರಡನ್ನೂ ಓದಿದವನು ತಡೆದು ಯೋಚಿಸುವನು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. 2011–12ರಿಂದ 2022–23ರವರೆಗೆ ಗೃಹವೆಚ್ಚವು ನಿಜವಾಗಿಯೂ ಏರಿತು. ಧಾನ್ಯದ ಪಾಲು ಇಳಿದು ಪ್ರಯಾಣ, ಸಿದ್ಧ ಆಹಾರಗಳ ಪಾಲು ಏರಿತು. ಹೊಟ್ಟೆಗಿಲ್ಲದ ಬಡತನವು ಹಿಂದಿಗಿಂತ ಕಡಮೆಯಾಯಿತು. ಇದನ್ನು ಅಲ್ಪವೆನ್ನಲಾಗದು. ಆದರೆ ಲಗ್ಗೆರೆಯಂತಹ ಊರಿನಲ್ಲಿ, ಹಿಂದೆ ಹಣಕ್ಕೆ ಒಳಪಡದಿದ್ದ ನೀರು, ಸಾಮೀಪ್ಯಗಳು ಹಣಕ್ಕೆ ಒಳಪಟ್ಟುದರಿಂದಲೂ, ಸೂರಿನ ಬೆಲೆಯು ಏರಿದುದರಿಂದಲೂ ಬಂದ ವೆಚ್ಚವೂ ಈ ಏರಿಕೆಯಲ್ಲಿ ಸೇರಿದೆ. ಅಂತಹ ಮನೆಯು ಬಾಳಿತೇ ಬಳಲಿತೇ ಎಂಬುದನ್ನು ವ್ಯಯದ ಮೊತ್ತದಿಂದ ನಿರ್ಣಯಿಸಲಾಗದು.

ಕೌಟಲ್ಯನು ಮೂರನ್ನು ಒಟ್ಟಿಗೆ ನೋಡೆಂದುದು ರಾಜನ ಭಂಡಾರಕ್ಕಾಗಿ. ಆ ನ್ಯಾಯವನ್ನು ಬಾಡಿಗೆಮನೆಯ ಕಪಾಟಿನ ಡಬ್ಬಿಗೂ ಅನ್ವಯಿಸುವುದು ಇಂದಿನ ವಿದ್ವಾಂಸರ ಕರ್ತವ್ಯವಾಗಿದೆ. ಮುಂದಿನ ಸಮೀಕ್ಷೆಗಳು ಬಾಡಿಗೆದಾರನ ಮನೆಯನ್ನು ಯಜಮಾನನ ಮನೆಯಿಂದ ಬೇರ್ಪಡಿಸಿ, ಚೀಟಿ, ಕಂತು, ಊರಿಗೆ ಹೋದ ಹಣ ಇವುಗಳನ್ನು ಪಕ್ಕದ ಅಂಕಣದಲ್ಲಿ ಬರೆದುಕೊಂಡರೆ, ಮುಂದೊಂದು ದಿನ ಈ ಕಾಲದ ಚರಿತ್ರೆಯನ್ನು ಬರೆಯುವವರಿಗೆ ಪೀಣ್ಯದ ಬೀದಿಗಳಲ್ಲಿ ಆ ಎರಡು ದಿನ ನಡೆದುದಕ್ಕೆ ಕಾರಣವು ಅಂಕಿಗಳಲ್ಲಿಯೇ ದೊರೆಯುವುದು.